ಮರ ಯಾರದು, ಮಾರುವವರು ಯಾರು: 18ನೇ ಶತಮಾನದ ಇಂಗ್ಲೆಂಡಿನ ಎಸ್ಟೇಟ್ ನಾಟಾ ವ್ಯಾಪಾರ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಸಿಲ್ವರ್ ಓಕ್ ಮಾರುವಾಗಲೆಲ್ಲ ನಾಟಾ ವ್ಯಾಪಾರಿಯ ಜೊತೆ ಅಳತೆಯ ವಾದ ಇದ್ದದ್ದೇ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಸಾಲದಲ್ಲಿ ಮುಳುಗಿದ ಜಮೀನ್ದಾರ ಓಕ್ ಮರಗಳನ್ನು ಕಡಿಸಿ ಮಾರಲು ಹೊರಡುವುದನ್ನು ಮತ್ತೆ ಮತ್ತೆ ಓದಿದ್ದೇನೆ. 18ನೇ ಶತಮಾನದಲ್ಲಿ ಅಲ್ಲಿನ ಎಸ್ಟೇಟುಗಳು ಮರ ಮಾರುತ್ತಿದ್ದದ್ದು ಹೇಗೆ? ಕೊಳ್ಳುತ್ತಿದ್ದದ್ದು ನೌಕಾಪಡೆಯೇ? ಸ್ವಂತ ಕಾಡಾದರೆ, ಕಷ್ಟ ಬಂದಾಗ ಎಲ್ಲವನ್ನೂ ಒಂದೇ ಸಲ ಕಡಿಸದೆ ಬಿಟ್ಟದ್ದು ಯಾಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಗೆಹರಿದರೆ ಉಳಿದದ್ದು ಸುಲಭ. ಬಹುಪಾಲು ದೊಡ್ಡ ಮನೆತನಗಳಲ್ಲಿ ಆ ಕಾಡು ಕಾನೂನಿನ ಪ್ರಕಾರ ಯಜಮಾನನ ‘ಸ್ವಂತ’ದ್ದಾಗಿರಲಿಲ್ಲ.

ಆ ಕಾಲದ ಜಮೀನ್ದಾರಿ ಮನೆತನಗಳು ಮದುವೆಯ ಹೊತ್ತಿಗೆ ಪತ್ರ ಬರೆದು ಆಸ್ತಿಯನ್ನು ತಲೆಮಾರುಗಳಿಗೆ ಕಟ್ಟಿಹಾಕುತ್ತಿದ್ದವು. ಅಪ್ಪನಿಗೆ ಬದುಕಿರುವವರೆಗೆ ಅನುಭೋಗದ ಹಕ್ಕು, ಆಮೇಲೆ ಅದು ಹಿರಿಮಗನಿಗೆ. ಮಗ ಪ್ರಾಯಕ್ಕೆ ಬಂದಾಗ ಇಬ್ಬರೂ ಸೇರಿ ಇನ್ನೊಂದು ಪತ್ರ ಬರೆದು ಮೊಮ್ಮಗನವರೆಗೂ ಕಟ್ಟನ್ನು ಬಿಗಿಯುತ್ತಿದ್ದರು. ಹೀಗೆ ಅನುಭೋಗದಲ್ಲಿದ್ದವನಿಗೆ ಗೇಣಿ ಬರುತ್ತಿತ್ತು, ಸೌದೆ ಸಿಗುತ್ತಿತ್ತು. ನಾಟಾ ಮರ ಮಾತ್ರ ಆಸ್ತಿಯ ಮೂಲಕ್ಕೇ ಸೇರಿದ್ದು. ಅದನ್ನು ಕಡಿಸಿದರೆ ಮುಂದಿನ ವಾರಸುದಾರ ‘ಆಸ್ತಿ ಹಾಳು ಮಾಡಿದ’ ಎಂದು ದಾವೆ ಹಾಕಬಹುದಿತ್ತು. ಈ ದಾವೆಗೆ ಗುರಿಯಾಗುವುದಿಲ್ಲ ಎಂಬ ಮಾತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಂಡವನು ಮಾತ್ರ ಕೊಡಲಿ ಎತ್ತಬಹುದು. ಹಾಗಾಗಿ ಮರ ಮಾರುವ ಮುಂಚೆ ಎಸ್ಟೇಟಿನ ವಕೀಲ ಮೊದಲು ತೆಗೆದು ನೋಡುತ್ತಿದ್ದದ್ದು ಮದುವೆ ಪತ್ರವನ್ನು.

ಆ ಮಾತು ಬರೆದಿದ್ದರೂ ಮಿತಿ ಇತ್ತು. 1716ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆ ಇಲ್ಲಿ ಬಹಳ ಮುಖ್ಯ. ಡರ್ಹಮ್ ಪ್ರಾಂತದ ರೇಬಿ ಕೋಟೆಯ ಲಾರ್ಡ್ ಬರ್ನಾರ್ಡ್ ಮಗನ ಮೇಲಿನ ಸಿಟ್ಟಿಗೆ 200 ಆಳುಗಳನ್ನು ಕರೆಸಿ, ಕೋಟೆಯ ಸೀಸ, ಕಬ್ಬಿಣ, ಗಾಜು, ಬಾಗಿಲು, ಹಲಗೆಗಳನ್ನೆಲ್ಲ ಕೀಳಿಸಿದ. ಅವನ ಪತ್ರದಲ್ಲಿ ರಕ್ಷಣೆಯ ಮಾತು ಇದ್ದೇ ಇತ್ತು. ಆದರೂ ಚಾನ್ಸರಿ ಎಂಬ, ಬರಿಯ ಕಾನೂನಿನ ಅಕ್ಷರಕ್ಕಿಂತ ನ್ಯಾಯಬುದ್ಧಿಗೆ ಒತ್ತು ಕೊಡುವ ನ್ಯಾಯಾಲಯ ಅವನನ್ನು ತಡೆದು, ಕಿತ್ತದ್ದನ್ನೆಲ್ಲ ಮೊದಲಿನಂತೆ ಮಾಡಿಸಿಕೊಡಬೇಕೆಂದು ಆಜ್ಞೆ ಮಾಡಿತು. ಹಕ್ಕು ಇದ್ದರೂ ಅದನ್ನು ದ್ವೇಷಕ್ಕೆ, ದುರುದ್ದೇಶಕ್ಕೆ ಬಳಸುವಂತಿಲ್ಲ ಎಂಬ ಈ ತತ್ವದ ನೆರಳಿನಲ್ಲೇ ಮನೆಯ ಅಂದಕ್ಕೆ, ನೆರಳಿಗೆ ಬೆಳೆಸಿದ ಮರಗಳಿಗೂ ರಕ್ಷಣೆ ಸಿಕ್ಕಿತು. ಅರಮನೆಯ ಮುಂದಿನ ಸಾಲುಮರಗಳು ಎಷ್ಟೇ ಬೆಲೆ ಬಾಳಲಿ, ಅನುಭೋಗದಾರ ಅವುಗಳನ್ನು ಮುಟ್ಟಿದರೆ ನ್ಯಾಯಾಲಯ ತಡೆಯುತ್ತಿತ್ತು.

ಇಲ್ಲಿ ‘ನಾಟಾ’ ಎಂದರೆ ಯಾವುದೆಂಬುದಕ್ಕೂ ಕಾನೂನಿನಲ್ಲಿ ಗೆರೆ ಇತ್ತು. ಓಕ್, ಆಶ್, ಎಲ್ಮ್ ಜಾತಿಯ, 20 ವರ್ಷ ದಾಟಿದ ಮರಗಳು ನಾಟಾ. ಬೀಚ್ ಎಂಬ ಮರ ಸಾಮಾನ್ಯವಾಗಿ ಅದರಲ್ಲಿ ಸೇರುತ್ತಿರಲಿಲ್ಲ. ಆದರೆ ಬೀಚ್ ಹೇರಳವಾಗಿ ಬೆಳೆಯುವ ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಸ್ಥಳೀಯ ರೂಢಿಯಿಂದ ಅದೂ ನಾಟಾ ಆಗಿತ್ತು. ಇದಕ್ಕೆ ಪ್ರತಿಯಾಗಿ ಬುಡ ಕಡಿದಾಗ ಕೂಳೆಯಿಂದ ಮತ್ತೆ ಚಿಗುರುವ ಕಿರುಗಾಡು ಫಸಲಿದ್ದಂತೆ. ಅನುಭೋಗದಾರ ಅದನ್ನು ಸರದಿಯ ಪ್ರಕಾರ ನಿಶ್ಚಿಂತೆಯಿಂದ ಕೊಯ್ದು ಮಾರಬಹುದಿತ್ತು.

ಜಮೀನು ಉಳುವ ಒಕ್ಕಲಿಗಂತೂ ಮರದ ಮೇಲೆ ಹಕ್ಕೇ ಇರಲಿಲ್ಲ. ಗೇಣಿ ಕರಾರಿನಲ್ಲಿ ನಾಟಾ ಮರಗಳನ್ನೆಲ್ಲ ಒಡೆಯ ತನಗೇ ಉಳಿಸಿಕೊಳ್ಳುತ್ತಿದ್ದ. ಮನೆ ರಿಪೇರಿಗೆ, ನೇಗಿಲಿಗೆ, ಬೇಲಿಗೆ ಬೇಕಾದಷ್ಟು ಮರ ಪಡೆಯುವ ಹಳೆಯ ಹಕ್ಕು ಮಾತ್ರ ಒಕ್ಕಲಿನದು. ಎಸ್ಟೇಟಿನ ಓಕ್‌ಗಳಲ್ಲಿ ದೊಡ್ಡ ಪಾಲು ಇದ್ದದ್ದು ಒಕ್ಕಲಿನ ಹೊಲದ ಬೇಲಿಸಾಲಿನಲ್ಲಿ. ಅದರ ನೆರಳಿಗೆ ಗೋಧಿ ಸೊರಗಿದರೆ ನಷ್ಟ ಒಕ್ಕಲಿಗೆ, ಮರ ಬಲಿತರೆ ಲಾಭ ಒಡೆಯನಿಗೆ. ಬೇಲಿ ಮರಗಳ ಕೊಂಬೆಗಳನ್ನು ಒಕ್ಕಲುಗಳು ಬುಡದವರೆಗೆ ಸವರಿಬಿಡುತ್ತಾರೆ ಎಂಬ ದೂರನ್ನು ಎಸ್ಟೇಟ್ ಮೇಲ್ವಿಚಾರಕರು ಬರೆಯುತ್ತಲೇ ಇದ್ದರು. ನನ್ನ ಮಟ್ಟಿಗೆ ಒಕ್ಕಲುಗಳ ಬೇಸರ ನ್ಯಾಯವಾದದ್ದು. ಆದರೆ ದಂಡದ ಬಲ ಇನ್ನೊಂದು ಕಡೆಗಿತ್ತು. 1723ರ ‘ಬ್ಲ್ಯಾಕ್ ಆ್ಯಕ್ಟ್’ ಎಂಬ ಕ್ರೂರ ಕಾಯ್ದೆ, ಇನ್ನೊಬ್ಬರ ಸಾಲುಮರ ಅಥವಾ ನೆಡುತೋಪಿನ ಮರಗಳನ್ನು ಕೇಡಿನಿಂದ ಕಡಿದವನಿಗೆ ಮರಣದಂಡನೆಯನ್ನೇ ಇಟ್ಟಿತ್ತು.

ಇಷ್ಟು ಹಿನ್ನೆಲೆ ಇದ್ದರೆ, ಮರ ಯಾವಾಗ ಬೀಳುತ್ತಿತ್ತು ಎಂಬುದು ಅರ್ಥವಾಗುತ್ತದೆ. ಓಕ್ ಮರ ನಮ್ಮ ಮನೆಗಳ ಚಿನ್ನದ ಹಾಗೆ: ದಿನದ ಖರ್ಚಿಗಲ್ಲ, ದೊಡ್ಡ ಕಾರ್ಯಕ್ಕೆ. ಹೆಣ್ಣುಮಕ್ಕಳಿಗೆ ಕೊಡಬೇಕಾದ ಪಾಲು, ತಂದೆ ಬಿಟ್ಟುಹೋದ ಸಾಲ, ಚುನಾವಣೆಯ ಖರ್ಚು, ಹೊಸ ಬಂಗಲೆ. ಓಕ್ ನಾಟಾಕ್ಕೆ ಬರಲು 80ರಿಂದ 120 ವರ್ಷ ಬೇಕು. ಅಂದರೆ ಮಾರುವವನು ತಾನು ನೆಟ್ಟದ್ದನ್ನು ಮಾರುತ್ತಿರಲಿಲ್ಲ, ಮುತ್ತಜ್ಜ ನೆಟ್ಟದ್ದನ್ನೋ ಬಿಟ್ಟದ್ದನ್ನೋ ಮಾರುತ್ತಿದ್ದ.

ಕಿರುಗಾಡಿನ ಲೆಕ್ಕವೇ ಬೇರೆ. ಅದು ವರ್ಷ ವರ್ಷ ಕೈಗೆ ಬರುವ ದುಡ್ಡು. ಯಾರ್ಕ್‌ಶೈರಿನ ವೆಂಟ್‌ವರ್ತ್ ಎಸ್ಟೇಟಿನ ಒಡೆಯ ಥಾಮಸ್ ವೆಂಟ್‌ವರ್ತ್ 1727ರಲ್ಲಿ ತನ್ನ ಕೂಳೆಗಾಡುಗಳಿಂದ ಪ್ರತಿವರ್ಷ ಆದಾಯ ಬರುವಂತೆ 21 ವರ್ಷಗಳ ಸರದಿಯ ಯೋಜನೆ ಹಾಕಿದ. ಪ್ರತಿವರ್ಷ ಒಂದು ಭಾಗ ಕೊಯ್ಲು, 22ನೇ ವರ್ಷಕ್ಕೆ ಮೊದಲ ಭಾಗ ಮತ್ತೆ ಸಿದ್ಧ. ಕೊಯ್ಯುವಾಗ ಒಳ್ಳೆಯ ಓಕ್‌ಗಳನ್ನು ಆರಿಸಿ ನಾಟಾಕ್ಕೆಂದು ನಿಲ್ಲಿಸುತ್ತಿದ್ದರು. ಒಂದು ಸರದಿ ಉಳಿದದ್ದಕ್ಕೆ ಒಂದು ಹೆಸರು, ಎರಡು ಮೂರು ಸರದಿ ಉಳಿದು ತೊಗಟೆ ಕಪ್ಪಾದದ್ದಕ್ಕೆ ‘ಬ್ಲ್ಯಾಕ್ ಬಾರ್ಕ್’ ಎಂಬ ಇನ್ನೊಂದು ಹೆಸರು. ಕೊಯ್ದ ಕಿರುಮರ ಕಬ್ಬಿಣದ ಕುಲುಮೆಗಳಿಗೆ ಇದ್ದಿಲಾಗಿ, ಕಲ್ಲಿದ್ದಲು ಗಣಿಯ ಆಸರೆಗಂಬವಾಗಿ, ಕೆಂಟ್ ಕಡೆಯಾದರೆ ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ಊರುಗೋಲಾಗಿ ಹೋಗುತ್ತಿತ್ತು.

ಇನ್ನು ಮಾರಾಟದ ಕ್ರಮ. ಎಸ್ಟೇಟಿನಲ್ಲಿ ಕಾಡಿನ ಉಸ್ತುವಾರಿಗೇ ಒಬ್ಬ ನೌಕರ ಇರುತ್ತಿದ್ದ. ಚಳಿಗಾಲದಲ್ಲಿ ಆತ, ಮೇಲ್ವಿಚಾರಕ ಮತ್ತು ಕೆಲವು ಸಲ ಹೊರಗಿನಿಂದ ಕರೆಸಿದ ಅಳತೆಗಾರ ಕಾಡು ಸುತ್ತಿ, ಕಡಿಯಬಹುದಾದ ಮರಗಳಿಗೆ ಕಬ್ಬಿಣದ ಉಳಿಯಿಂದಲೋ ಬಣ್ಣದಿಂದಲೋ ಸಂಖ್ಯೆ ಹಾಕುತ್ತಿದ್ದರು. ಆಮೇಲೆ ಮೂರು ದಾರಿ. ಒಂದು, ಪರಿಚಯದ ವ್ಯಾಪಾರಿಗೆ ನಿಂತ ಮರವನ್ನೇ ಇಡಿಯಾಗಿ ಕೊಡುವುದು. ಎರಡು, ತನ್ನ ಆಳುಗಳಿಂದಲೇ ಕಡಿಸಿ, ಅಳೆದು, ಸ್ವಲ್ಪ ಸ್ವಲ್ಪವಾಗಿ ಮಾರುವುದು. ಮೂರು, ಹರಾಜು. ಶತಮಾನ ಮುಂದುವರಿದಂತೆ ಜಿಲ್ಲಾ ಪತ್ರಿಕೆಗಳು ಹೆಚ್ಚಿ, ಹರಾಜಿನ ಜಾಹೀರಾತು ಸಾಮಾನ್ಯವಾಯಿತು. ಮರಗಳ ಸಂಖ್ಯೆ, ಜಾತಿ, ಯಾವ ಊರಿನ ಯಾವ ಛತ್ರದಲ್ಲಿ ಹರಾಜು, ಮರ ತೋರಿಸುವವರು ಯಾರು, ದೋಣಿ ಓಡಾಡುವ ನದಿಯಿಂದ ಎಷ್ಟು ಮೈಲಿ. ಈ ಕೊನೆಯ ವಿವರವನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಆಮೇಲೆ ಬರುತ್ತೇನೆ.

ಹರಾಜಿಗೆ ಹಳೆಯ ಪದ್ಧತಿಯೊಂದಿತ್ತು. ಒಂದು ಇಂಚಿನಷ್ಟು ಮೇಣದಬತ್ತಿ ಹಚ್ಚಿಟ್ಟು, ಅದು ಆರುವ ಕ್ಷಣದಲ್ಲಿ ಕೊನೆಯ ಸವಾಲು ಯಾರದ್ದೋ ಅವರಿಗೆ ಮಾಲು. ನೌಕಾಪಡೆಯ ಕಚೇರಿಯಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1662ರಲ್ಲಿ ತನ್ನ ದಿನಚರಿಯಲ್ಲಿ ಇಂಥದ್ದೊಂದು ಹಡಗು ಹರಾಜಿನ ವಿಷಯ ಬರೆದಿದ್ದಾನೆ. ಒಬ್ಬ ಮಾತ್ರ ಪ್ರತಿಸಲ ಸರಿಯಾದ ಕ್ಷಣಕ್ಕೆ ಕೂಗುತ್ತಿದ್ದ. ಕೇಳಿದರೆ, ಬತ್ತಿ ಆರುವ ಮುಂಚೆ ಹೊಗೆ ಕೆಳಮುಖವಾಗುತ್ತದೆ, ಅದನ್ನೇ ನೋಡುತ್ತಿರುತ್ತೇನೆ ಎಂದನಂತೆ. 18ನೇ ಶತಮಾನದಲ್ಲೂ ಮೇಣದಬತ್ತಿ ಹರಾಜು ನಡೆಯುತ್ತಿತ್ತು.

ಕರಾರುಗಳು ಬಿಗಿಯಾಗಿದ್ದವು. ಮುಂಗಡ ಇಷ್ಟು, ಉಳಿದದ್ದು ಕಂತಿನಲ್ಲಿ, ಮಾರ್ಚ್ 25 ಮತ್ತು ಸೆಪ್ಟೆಂಬರ್ 29ರಂಥ ಗೇಣಿ ಲೆಕ್ಕದ ದಿನಗಳಂದು, ಜಾಮೀನಿನ ಮೇಲೆ. ಇಂಥ ದಿನದೊಳಗೆ ಕಡಿಯಬೇಕು, ಇಂಥ ದಿನದೊಳಗೆ ಸಾಗಿಸಬೇಕು, ಗರಗಸ ಎಳೆಯಲು ತೋಡಿದ ಗುಂಡಿ ಮುಚ್ಚಬೇಕು, ಕೆಟ್ಟ ಬೇಲಿ ಕಟ್ಟಿಕೊಡಬೇಕು. ಕಾಂಡ, ತೊಗಟೆ, ಕೊಂಬೆರೆಂಬೆ, ಸೌದೆಕಟ್ಟು ಇವೆಲ್ಲ ಬೇರೆ ಬೇರೆ ಮಾಲು, ಬೇರೆ ಬೇರೆ ಗಿರಾಕಿ. ಒಂದೇ ಮರಕ್ಕೆ ನಾಲ್ಕು ಲೆಕ್ಕ ಬರೆದ ಪುಸ್ತಕಗಳು ಎಷ್ಟೋ ಇವೆ.

ಅಳತೆಯ ವಿಷಯಕ್ಕೆ ನಿಮ್ಮ ತೋಟದ ವಾದವೂ ಅಲ್ಲಿನ ವಾದವೂ ಒಂದೇ ಬೇರಿನದು. ದಿಮ್ಮಿಯ ನಡುಭಾಗಕ್ಕೆ ದಾರ ಸುತ್ತಿ, ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ಇಂಗ್ಲೆಂಡಿನ ಪದ್ಧತಿ. ಎಡ್ವರ್ಡ್ ಹಾಪಸ್ ಎಂಬ ಸರ್ವೆಯರ್ 1736ರಲ್ಲಿ ಇದಕ್ಕೆ ಸಿದ್ಧ ಕೋಷ್ಟಕಗಳ ಪುಸ್ತಕ ಹೊರತಂದ. ಅದು ಎಷ್ಟು ಬಳಕೆಯಾಯಿತೆಂದರೆ ಈ ಅಳತೆಯ ಘನ ಅಡಿಗೆ ‘ಹಾಪಸ್ ಅಡಿ’ ಎಂದೇ ಹೆಸರಾಯಿತು. ಬ್ರಿಟಿಷರ ಜೊತೆ ಅದು ಬರ್ಮಾದ ತೇಗಕ್ಕೂ ನಮ್ಮ ನಾಟಾ ಡಿಪೋಗಳಿಗೂ ಬಂತು. ನಿಮ್ಮ ವ್ಯಾಪಾರಿ ಕಾಲು ಸುತ್ತಳತೆಯಲ್ಲಿ ಲೆಕ್ಕ ಹಾಕುತ್ತಿದ್ದರೆ ಅದು ಇದೇ ಲೆಕ್ಕ.

ಒಂದು ಉದಾಹರಣೆ ತೆಗೆದುಕೊಳ್ಳಿ. 20 ಅಡಿ ಉದ್ದ, ನಡುವಿನಲ್ಲಿ 64 ಇಂಚು ಸುತ್ತಳತೆಯ ದಿಮ್ಮಿ. ಕಾಲು ಸುತ್ತಳತೆ 16 ಇಂಚು, ಆ ಲೆಕ್ಕಕ್ಕೆ ಸುಮಾರು 35.5 ಘನ ಅಡಿ. ಆದರೆ ಉರುಳೆಯಾಕಾರದ ನಿಜವಾದ ಗಾತ್ರ ಸುಮಾರು 45 ಘನ ಅಡಿ. ಅಂದರೆ ನೂರಕ್ಕೆ 21ರಷ್ಟು ಲೆಕ್ಕಕ್ಕೇ ಬರುವುದಿಲ್ಲ. ತೊಗಟೆ ಮೇಲೇ ಅಳೆದಿದ್ದರೆ, ಕಾಲು ಸುತ್ತಳತೆಯ ಪ್ರತಿ ಅಡಿಗೆ ಒಂದು ಇಂಚಿನಂತೆ ಇನ್ನೂ ಕಳೆಯುತ್ತಿದ್ದರು. ಮೋಸವೇ? ಪೂರ್ತಿ ಅಲ್ಲ. ಅದೇ ದಿಮ್ಮಿಯನ್ನು ನಾಲ್ಕೂ ಮೂಲೆ ಚೂಪಾಗಿರುವಂತೆ ಚೌಕ ಮಾಡಿದರೆ ಸಿಗುವುದು 29 ಘನ ಅಡಿಗಿಂತ ಸ್ವಲ್ಪ ಕಡಿಮೆ. ಗರಗಸದಲ್ಲಿ ಹೋಗುವ ಹೊರಪಟ್ಟಿಗೆ ವ್ಯಾಪಾರಿ ದುಡ್ಡು ಕೊಡಬಾರದು ಎಂಬುದು ಈ ಲೆಕ್ಕದ ಹಿಂದಿನ ತರ್ಕ. ಮಾರುವವನಿಗೆ ಈ ಸೂತ್ರ ಗೊತ್ತಿದ್ದು ದರವನ್ನು ಅದಕ್ಕೆ ತಕ್ಕಂತೆ ಹೇಳಿದರೆ ಅನ್ಯಾಯವಿಲ್ಲ. ಗೊತ್ತಿಲ್ಲದೆ ಬೇರೆ ಅಳತೆಯ ದರಕ್ಕೆ ಹೋಲಿಸಿಕೊಂಡರೆ ಮಾತ್ರ ನಷ್ಟ. ನಿಮಗೂ ನಾನು ಹೇಳುವುದು ಇಷ್ಟೇ: ದರ ಕೇಳುವ ಮುಂಚೆ ಯಾವ ಲೆಕ್ಕದ ಘನ ಅಡಿ ಎಂದು ಕೇಳಿ.

ನಾಟಾ ಎನಿಸಿಕೊಳ್ಳಲು ಸಾಮಾನ್ಯವಾಗಿ ಕಾಲು ಸುತ್ತಳತೆ ಕನಿಷ್ಠ 6 ಇಂಚು ಇರಬೇಕಿತ್ತು, ಅದಕ್ಕಿಂತ ಸಣ್ಣದು ಸೌದೆ. ದೊಡ್ಡ ವ್ಯವಹಾರ ‘ಲೋಡ್’ ಲೆಕ್ಕದಲ್ಲಿ: ಉರುಟು ಮರವಾದರೆ 40 ಘನ ಅಡಿ, ಚೌಕ ಮಾಡಿದ್ದಾದರೆ 50.

ನಿಂತ ಮರ ಮಾರುವುದರಲ್ಲಿ ಇಬ್ಬರಿಗೂ ಅಪಾಯ ಇತ್ತು, ಏಕೆಂದರೆ ಒಳಗಿನ ಟೊಳ್ಳು, ಉಂಗುರ ಬಿರುಕು ಹೊರಗೆ ಕಾಣುವುದಿಲ್ಲ. ವೇಲ್ಸ್ ಗಡಿಯ ಮನ್ಮತ್‌ಶೈರಿನ ಗೋಲಿನೋಸ್ ಓಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಶತಮಾನ ಮುಗಿದ ಮೇಲೆ, 1810ರಲ್ಲಿ ಬಿದ್ದ ಮರ ಅದು. ಒಳಗೆ ಕೆಟ್ಟಿರಬಹುದೆಂಬ ಅನುಮಾನದಿಂದ ಮೊದಲು 100 ಗಿನಿಗೆ ಹೋಯಿತು. ಕೊಂಡವನು ಅದು ನಿಂತಿರುವಾಗಲೇ 405 ಪೌಂಡಿಗೆ ಮರುಮಾರಿದ. ಐದು ಜನ 20 ದಿನ ತೊಗಟೆ ಸುಲಿದು ಕಡಿದರು. ಒಂದು ಜೋಡಿ ಗರಗಸದವರಿಗೆ ಅದನ್ನು ಸೀಳಲು 138 ದಿನ ಬೇಕಾಯಿತು. ಸಿಕ್ಕ ನಾಟಾ 2,426 ಘನ ಅಡಿ.

ಆ ಮರದ ಕೆಲಸ ತೊಗಟೆಯಿಂದ ಶುರುವಾದದ್ದನ್ನು ಗಮನಿಸಿ. ಇಡೀ ವ್ಯಾಪಾರದಲ್ಲಿ ಓದುಗರ ಕಣ್ಣಿಗೆ ಬೀಳದ ಭಾಗ ಇದು. ಆ ಕಾಲದ ಚರ್ಮ ಹದ ಮಾಡುವ ಕೆಲಸಕ್ಕೆ ಓಕ್ ತೊಗಟೆಯೇ ಆಧಾರ. ದಪ್ಪ ಚರ್ಮ ತೊಗಟೆಯ ನೀರಿನ ಗುಂಡಿಗಳಲ್ಲಿ ವರ್ಷಕ್ಕೂ ಮಿಕ್ಕಿ ನೆನೆಯಬೇಕಿತ್ತು. ಜೀನು, ಲಗಾಮು, ಬೂಟು, ಸೈನ್ಯದ ಸಾಮಾನು, ಯಂತ್ರಗಳ ಪಟ್ಟಿ, ಎಲ್ಲಕ್ಕೂ ಚರ್ಮ. ತೊಗಟೆ ಸುಲಭವಾಗಿ ಏಳುವುದು ರಸ ಏರುವ ವಸಂತದಲ್ಲಿ, ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ. ಸುಲಿಯುವ ಕೆಲಸಕ್ಕೆ ಹೆಂಗಸರು, ಮಕ್ಕಳೂ ಬರುತ್ತಿದ್ದರು. ಒಣಗಿಸಿ ಟನ್ ಲೆಕ್ಕದಲ್ಲಿ ಮಾರಾಟ. ಜೇಮ್ಸ್ ದೊರೆಯ ಕಾಲದಲ್ಲೇ, 1604ರಲ್ಲಿ, ಸುಲಿಯಲು ಯೋಗ್ಯವಾದ ಓಕ್‌ಗಳನ್ನು ಏಪ್ರಿಲ್‌ನಿಂದ ಜೂನ್ ಒಳಗೇ ಕಡಿಯಬೇಕೆಂದು ಕಾಯ್ದೆ ಮಾಡಿದ್ದರು. ಹಡಗು, ಮನೆ ಕಟ್ಟುವ ಮರಕ್ಕೆ ಮಾತ್ರ ವಿನಾಯಿತಿ.

ಚಳಿಗಾಲದಲ್ಲಿ ಕಡಿದ ಮರ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಹಡಗು ಕಟ್ಟುವವರಲ್ಲಿ ಬಲವಾಗಿತ್ತು. ಆದರೆ ಚಳಿಗಾಲದಲ್ಲಿ ಕಡಿದರೆ ತೊಗಟೆಯ ದುಡ್ಡು ಹೋಯಿತು. ಆದ್ದರಿಂದ ಎಸ್ಟೇಟುಗಳು ಬಹುಮಟ್ಟಿಗೆ ವಸಂತದಲ್ಲೇ ಕಡಿದವು. ಹಡಗಿಗೆ ಸಾಲದ ಕೂಳೆ ಓಕ್‌ನಲ್ಲಿ ಮರಕ್ಕಿಂತ ತೊಗಟೆಗೇ ಹೆಚ್ಚು ಬೆಲೆ ಬಂದ ಸಂದರ್ಭಗಳೂ ಇವೆ. ಇಂಗ್ಲೆಂಡಿನ ಓಕ್ ಕಾಡುಗಳನ್ನು ಕೊಡಲಿಗೆ ಒಡ್ಡಿದ್ದು ಯುದ್ಧನೌಕೆಯಷ್ಟೇ ಎನ್ನುವವರು ಚರ್ಮದ ಗುಂಡಿಗಳನ್ನು ಮರೆಯುತ್ತಾರೆ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಈಗ ನದಿಯಿಂದ ಎಷ್ಟು ಮೈಲಿ ಎಂಬ ವಿಷಯ. ಒಂದು ಲೋಡ್ ಹಸಿ ಓಕ್ ಒಂದು ಟನ್ನಿಗಿಂತ ಭಾರ. ಸಸೆಕ್ಸ್‌ನ ಜೇಡಿಮಣ್ಣಿನ ದಾರಿಯಲ್ಲಿ ಅದನ್ನು ಎಳೆಯುವುದೆಂದರೆ ಏನೆಂದು 1720ರ ದಶಕದಲ್ಲಿ ಡೇನಿಯಲ್ ಡಿಫೊ ಬರೆದಿದ್ದಾನೆ. ಒಂದೇ ಮರಕ್ಕೆ 22 ಎತ್ತು ಕಟ್ಟಿದ್ದನ್ನು ಆತ ಕಣ್ಣಾರೆ ಕಂಡ. ಸ್ವಲ್ಪ ದೂರ ಎಳೆದು ದಾರಿಬದಿಯಲ್ಲಿ ಉರುಳಿಸಿ ಬಿಡುತ್ತಿದ್ದರು, ಮುಂದಿನ ಬಂಡಿಯವರು ಅಲ್ಲಿಂದ ಎಳೆಯಬೇಕು. ಮಳೆ ಹಿಡಿದರೆ ಆ ವರ್ಷ ಅಲ್ಲಿಗೇ ನಿಂತಿತು. ಕೆಂಟ್‌ನಲ್ಲಿದ್ದ ನೌಕಾಪಡೆಯ ಚ್ಯಾಟಮ್ ಹಡಗುಕಟ್ಟೆ ಮುಟ್ಟಲು ಒಂದು ಮರಕ್ಕೆ ಎರಡು ಮೂರು ವರ್ಷ ಹಿಡಿಯುತ್ತಿತ್ತು.

ಹಾಗಾಗಿ ಒಂದೇ ಗುಣದ ಎರಡು ಓಕ್‌ಗಳಲ್ಲಿ ನದಿ ದಂಡೆಯದಕ್ಕೆ ಒಳ್ಳೆಯ ಬೆಲೆ, ಒಳನಾಡಿನದಕ್ಕೆ ಬಂಡಿ ಬಾಡಿಗೆ ಕಳೆದು ಉಳಿದಷ್ಟು. ದೇಶದ ಒಳಭಾಗದಲ್ಲಿ ಹಳೆಯ ಓಕ್‌ಗಳು ಕೊಳೆಯುವವರೆಗೆ ನಿಂತದ್ದಕ್ಕೆ ಒಡೆಯರ ಪ್ರೀತಿಗಿಂತ ಕೆಟ್ಟ ರಸ್ತೆ ಹೆಚ್ಚು ಕಾರಣ. 1740ರ ಕಾಯ್ದೆಯ ಬಲದಿಂದ ಮೆಡ್ವೆ ನದಿಯನ್ನು ಟನ್‌ಬ್ರಿಜ್‌ವರೆಗೆ ದೋಣಿಗೆ ಯೋಗ್ಯ ಮಾಡಿದಾಗ ಕೆಂಟ್, ಸಸೆಕ್ಸ್‌ಗಳ ಒಳಗಿನ ವೀಲ್ಡ್ ಎಂಬ ಕಾಡುಸೀಮೆಯ ಮರಕ್ಕೆ ಚ್ಯಾಟಮ್ ಹತ್ತಿರವಾಯಿತು. 1760ರ ನಂತರದ ಕಾಲುವೆಗಳು ಮಧ್ಯ ಇಂಗ್ಲೆಂಡಿನ ಕಾಡುಗಳಿಗೂ ಹಾಗೆಯೇ ಬೆಲೆ ತಂದವು, ಬೆಲೆಯ ಜೊತೆ ಕೊಡಲಿಯನ್ನೂ ತಂದವು.

ನೌಕಾಪಡೆ ಕೊಳ್ಳುತ್ತಿರಲಿಲ್ಲವೇ ಎಂದರೆ, ಖಂಡಿತ ಕೊಳ್ಳುತ್ತಿತ್ತು. 74 ಫಿರಂಗಿಯ ಒಂದು ಯುದ್ಧನೌಕೆಗೆ ಸುಮಾರು 2,000 ಲೋಡ್ ಓಕ್ ಬೇಕು. ಅರಸನ ಕಾಡುಗಳು ಅದರಲ್ಲಿ ಸಣ್ಣ ಪಾಲನ್ನಷ್ಟೇ ಕೊಡುತ್ತಿದ್ದವು, ಉಳಿದದ್ದು ಖಾಸಗಿ ಎಸ್ಟೇಟುಗಳದು. ಆದರೆ ಒಡೆಯ ಮತ್ತು ಹಡಗುಕಟ್ಟೆಯ ನಡುವೆ ಸಾಮಾನ್ಯವಾಗಿ ನಾಟಾ ವ್ಯಾಪಾರಿ ಇರುತ್ತಿದ್ದ. ಕಾರಣ ಸರಳ. ನೌಕಾಪಡೆಗೆ ಬೇಕಿದ್ದದ್ದು ಆಯ್ದ ತುಂಡುಗಳು: ಹಡಗಿನ ಪಕ್ಕೆಲುಬಿಗೆ ಸಹಜವಾಗಿ ಬಾಗಿದ ಮರ, ಮೂಲೆ ಕಟ್ಟಲು ಕೊಂಬೆ ಕವಲಿನ ಮೊಣಕಾಲು ತುಂಡು. ಇವು ಒತ್ತಾದ ಕಾಡಿನಲ್ಲಿ ನೆಟ್ಟಗೆ ಬೆಳೆದ ಮರದಲ್ಲಿ ಸಿಗುವುದಿಲ್ಲ. ಬಯಲಿನಲ್ಲಿ, ಬೇಲಿಸಾಲಿನಲ್ಲಿ ಕೈ ಚಾಚಿ ಬೆಳೆದ ಓಕ್‌ನಲ್ಲಿ ಸಿಗುತ್ತವೆ. ಕಟ್ಟೆಯವರು ಒಪ್ಪದ್ದನ್ನು ಯಾರಿಗೆ ಮಾರುವುದು? ಆ ತಲೆನೋವು ವ್ಯಾಪಾರಿಯದು. ಅವನು ಇಡೀ ತೋಪು ಕೊಂಡು, ಬಾಗಿದ್ದನ್ನು ಹಡಗಿಗೆ, ನೆಟ್ಟಗಿದ್ದನ್ನು ತೊಲೆ ಹಲಗೆಗೆ, ತೊಗಟೆಯನ್ನು ಚರ್ಮದವರಿಗೆ, ಉಳಿದದ್ದನ್ನು ಗಾಡಿ ಮಾಡುವವರಿಗೆ ಹಂಚುತ್ತಿದ್ದ. ಜೊತೆಗೆ ನೌಕಾಪಡೆ ಕೊಡುತ್ತಿದ್ದದ್ದು ನಗದಲ್ಲ, ಹುಂಡಿ, ಅಂದರೆ ಮುಂದೆ ಹಣ ಕೊಡುತ್ತೇವೆಂಬ ಚೀಟಿ. ಅದರ ಹಣ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು, ಮೊದಲೇ ಬೇಕೆಂದರೆ ಚೀಟಿಯನ್ನೇ ಪೇಟೆಯಲ್ಲಿ ಕಡಿಮೆಗೆ ಮಾರಬೇಕು. ಮಗಳ ಮದುವೆಗೆ ಹಣ ಹೊಂದಿಸುವ ಒಡೆಯನಿಗೆ ಅದು ಹೊಂದುವ ವ್ಯವಹಾರವಾಗಿರಲಿಲ್ಲ.

ಖಾಸಗಿ ಹಡಗು ಕಟ್ಟುವವರ ಪೈಪೋಟಿಯೂ ಇತ್ತು, ಅದರಲ್ಲೂ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಹಡಗುಗಳದ್ದು. ಓಕ್ ತೀರಿಹೋಗುತ್ತಿದೆ ಎಂಬ ಆತಂಕದಿಂದ 1772ರಲ್ಲಿ ಪಾರ್ಲಿಮೆಂಟು ಕಂಪನಿಯ ಹಡಗುಗಳ ಒಟ್ಟು ಗಾತ್ರ 45,000 ಟನ್ನಿಗೆ ಇಳಿಯುವವರೆಗೆ ಬ್ರಿಟನ್ನಿನಲ್ಲಿ ಅದರ ಸೇವೆಗೆ ಹೊಸ ಹಡಗು ಕಟ್ಟಬಾರದೆಂದು ಕಾಯ್ದೆ ಮಾಡಿತು. ಭಾರತದಲ್ಲಿ ಕಟ್ಟುವುದಕ್ಕೆ ಅಡ್ಡಿ ಇರಲಿಲ್ಲ. ಮುಂಬಯಿಯ ಹಡಗುಕಟ್ಟೆಗೆ ಪಶ್ಚಿಮ ಕರಾವಳಿಯ ತೇಗ ಬೇಕಾಯಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರಿಗೆ ಅರಣ್ಯ ಸಂರಕ್ಷಕನನ್ನಾಗಿ ಕಂಪನಿ ನೇಮಿಸಿತು. ತೇಗದ ಮೇಲೆ ಸರಕಾರದ ಒಡೆತನ ಸಾರಿ, ಅಲ್ಲಿನವರು ತಮ್ಮದೆಂದು ತಿಳಿದಿದ್ದ ಮರಕ್ಕೆ ಅವರ ಕೈಯನ್ನೇ ಕಟ್ಟಿದರು. ಇಂಗ್ಲೆಂಡಿನ ಒಡೆಯನಿಗೆ ತನ್ನ ಓಕ್‌ಗೆ ಪೇಟೆಯ ಬೆಲೆ ಕೇಳುವ ಹಕ್ಕು ಇತ್ತು. ಮಲಬಾರಿನ ಮರದ ಒಡೆಯನಿಗೆ ಅದನ್ನು ಬಿಡಲಿಲ್ಲ.

ಎಲ್ಲವನ್ನೂ ಒಂದೇ ಸಲ ಕಡಿಸಿದ್ದೂ ಉಂಟು. ವಾರಸುದಾರನೇ ಇಲ್ಲದ ಕಡೆ ತಡೆಯುವವರು ಯಾರು? ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಸಿಂಹಾಸನಕ್ಕೆ ತರಲು 1715ರಲ್ಲಿ ಎದ್ದ ಜಾಕೊಬೈಟ್ ದಂಗೆಗೆ ಸೇರಿದ್ದಕ್ಕೆ ಡರ್ವೆಂಟ್‌ವಾಟರಿನ ಅರ್ಲ್‌ನ ತಲೆ 1716ರಲ್ಲಿ ಹೋಯಿತು, ಆಸ್ತಿ ಮುಟ್ಟುಗೋಲಾಯಿತು. 1735ರಲ್ಲಿ ಅದನ್ನು ಮುಪ್ಪಿನ ನಾವಿಕರನ್ನು ಸಾಕುವ ಗ್ರೀನಿಚ್ ಆಸ್ಪತ್ರೆಗೆ ಕೊಟ್ಟರು. ಸಂಸ್ಥೆಗೆ ಮೊಮ್ಮಗನಿಲ್ಲ, ಮದುವೆ ಪತ್ರವಿಲ್ಲ, ಕಿಟಕಿಯಿಂದ ನೋಡುವ ಸಾಲುಮರವಿಲ್ಲ. ಶತಮಾನದ ನಡುಭಾಗದಲ್ಲಿ ಆ ಆಸ್ತಿಗೆ ಸೇರಿದ, ಉತ್ತರ ಇಂಗ್ಲೆಂಡಿನ ಕೆಸಿಕ್ ಊರಿನ ಸರೋವರದ ದಂಡೆಯ ಕ್ರೋ ಪಾರ್ಕಿನ ಹಳೆಯ ಓಕ್‌ಗಳನ್ನು ಕಡಿದು ಮಾರಿದರು. 1769ರಲ್ಲಿ ಅಲ್ಲಿಗೆ ಹೋದ ಕವಿ ಥಾಮಸ್ ಗ್ರೇ, ನೆಲದಲ್ಲಿ ದೊಡ್ಡ ಬೇರುಗಳು ಉಳಿದಿವೆ, ಅವುಗಳಿಂದ ಏನೂ ಚಿಗುರಿಲ್ಲ ಎಂದು ಬರೆದ.

ನೀವು ಕಾದಂಬರಿಗಳಿಂದ ಮುಂದೆ ಹೋಗಿ ಮೂಲ ಲೆಕ್ಕಪತ್ರಗಳನ್ನೇ ನೋಡುವುದಾದರೆ, ಇಂಗ್ಲೆಂಡಿನ ಜಿಲ್ಲಾ ದಾಖಲೆ ಭಂಡಾರಗಳಲ್ಲಿ ಇಂಥ ಎಸ್ಟೇಟ್ ಪುಸ್ತಕಗಳು ಸಿಗುತ್ತವೆ, ಕೆಲವನ್ನು ದೂರದಿಂದಲೇ ನೋಡಬಹುದು. ನಾಟಾದ ಆದಾಯ ಇದ್ದಕ್ಕಿದ್ದಂತೆ ಏರಿದ ವರ್ಷ ಕಂಡರೆ, ಅದೇ ವರ್ಷದ ಮದುವೆ, ಸಾವು, ಅಡಮಾನ, ಕಟ್ಟಡ ಮತ್ತು ಚುನಾವಣೆಗಳನ್ನು ಮೊದಲು ಹುಡುಕಿ. ಆಮೇಲೆ ಹತ್ತಿರದ ನದಿ ಕಾಲುವೆ ಯಾವಾಗ ತೆರೆಯಿತು, ತೊಗಟೆಯ ದರ ಎಷ್ಟಿತ್ತು ಎಂದು ನೋಡಿ. ಯುದ್ಧ ನಡೆಯುತ್ತಿತ್ತೇ ಎಂಬುದನ್ನು ಕೊನೆಗೆ ನೋಡಿದರೆ ಸಾಕು.